ಬೋಟಿನ ಟಾಯ್ಲೆಟ್ಟಿಗೊಂದು ಪಂಪು, ಬಿಸಿನೀರಿಗೆ ಇನ್ನೊಂದು

ಮಲ್ಪೆ ಬಂದರಿನ ದಕ್ಕೆಯಲ್ಲಿ ಹೊಸ ಬೋಟಿಗೆ ಪೈಪು ಎಳೆಯುವಾಗ ಏಳುವ ಪ್ರಶ್ನೆ: ‘ಒಂದೇ ಪಂಪು ಎರಡಕ್ಕೂ ಸಾಲುವುದಿಲ್ವಾ?’ ಬೇಡ. ಟಾಯ್ಲೆಟ್ಟಿಗೆ ಉಪ್ಪುನೀರು, ಸ್ನಾನಕ್ಕೆ ಟ್ಯಾಂಕಿನ ಸಿಹಿನೀರು. ನಡುವೆ ವಾಲ್ವು ಇಟ್ಟು ಬದಲಾಯಿಸಿದರೆ, ಅದು ಸೋರಿದ ದಿನ ಅನ್ನದ ನೀರೂ ಕೆಡುತ್ತದೆ.

ಸ್ನಾನಕ್ಕೆ ಡಯಾಫ್ರಾಮ್ ಪಂಪೇ ಸರಿ, ಅಂದರೆ ರಬ್ಬರ್ ಪೊರೆ ಹಿಂದೆಮುಂದೆ ಆಡಿ ನೀರು ತಳ್ಳುವಂಥದ್ದು. ನಿಮಿಷಕ್ಕೆ 10–12 ಲೀಟರ್, ಒತ್ತಡ 35 ಪಿಎಸ್‌ಐಗೆ ಏರಿದಾಗ ತಾನಾಗಿ ನಿಲ್ಲುವಂಥದ್ದು. ಶವರಿಗೆ ಬೇಕಾದ್ದು 4–5 ಲೀಟರ್ ಅಷ್ಟೇ. ನಲ್ಲಿ ಅರ್ಧ ತಿರುಗಿಸಿದಾಗ ಪಂಪು ಟಕ್‌ಟಕ್ ಎಂದು ನಿಂತು ಓಡುತ್ತದೆ, ನೀರು ಒಮ್ಮೆ ಸುಡು, ಒಮ್ಮೆ ತಣ್ಣಗೆ. ಅದಕ್ಕೆ ಪಂಪಿನ ನಂತರ ಒಂದು ಲೀಟರಿನ ಅಕ್ಯುಮುಲೇಟರ್ ಹಾಕಿ, ಒಳಗಿನ ಗಾಳಿಯಿಂದ ಒತ್ತಡ ಹಿಡಿದಿಡುವ ಪುಟ್ಟ ಟ್ಯಾಂಕು. ಅದರ ಗಾಳಿಯನ್ನು ಪೈಪಿನ ನೀರು ಖಾಲಿ ಮಾಡಿಯೇ ತುಂಬಬೇಕು, ಪಂಪು ಶುರುವಾಗುವ ಒತ್ತಡಕ್ಕಿಂತ ತುಸು ಕಮ್ಮಿ. ಸೈಕಲ್ ಪಂಪು ಸಾಕು.

ಬಿಸಿನೀರಿಗೆ ಇಂಜಿನ್ ತಣಿಸಿ ಬಿಸಿಯಾದ ದ್ರವ (ಕೂಲೆಂಟ್) ಸುತ್ತುವ 20 ಲೀಟರಿನ ಟ್ಯಾಂಕು ಧಾರಾಳ. ನಮ್ಮ ಕಡೆ ತಣ್ಣೀರೇ 28 ಡಿಗ್ರಿ. 80 ಡಿಗ್ರಿಯ ಒಂದು ಪಾಲಿಗೆ ಮೂರು ಪಾಲು ತಣ್ಣೀರು ಬೆರೆತರೆ 41. ಮೊದಲು ಮುಗಿಯುವುದು ಬಿಸಿಯಲ್ಲ, ಸಿಹಿನೀರು. ಬಿಸಿನೀರು ತಣ್ಣೀರು ಬೆರೆಸುವ ಮಿಕ್ಸಿಂಗ್ ವಾಲ್ವು ಇಲ್ಲದಿದ್ದರೆ ಬೆನ್ನು ಬೆಂದೀತು. ತಣ್ಣೀರು ಬರುವ ಪೈಪಿಗೆ ನೀರು ಹಿಂದಕ್ಕೆ ಹೋಗದಂತೆ ತಡೆಯುವ ನಾನ್‌ರಿಟರ್ನ್ ವಾಲ್ವು ಹಾಕಿದಿರೋ, ಹೆಚ್ಚಾದ ಒತ್ತಡ ಹೊರಬಿಡುವ ಪ್ರೆಶರ್ ರಿಲೀಫ್ ವಾಲ್ವು ಬೇಕೇಬೇಕು: 20 ಲೀಟರ್ ನೀರು 80 ಡಿಗ್ರಿಗೆ ಕಾಯುವಷ್ಟರಲ್ಲಿ ಸುಮಾರು ಅರ್ಧ ಲೀಟರ್ ಹಿಗ್ಗುತ್ತದೆ. ಕಾಯುವಾಗ ರಿಲೀಫ್ ವಾಲ್ವಿನ ಬಾಯಿಂದ ತೊಟ್ಟಿಕ್ಕುವುದು ಸಹಜ. ‘ಲೀಕ್’ ಎಂದು ಯಾರೋ ಮರದ ಬೆಣೆ ಬಡಿಯುವುದುಂಟು. ಆಮೇಲೆ ಒಡೆಯುವುದು ಟ್ಯಾಂಕು.

ಶವರಿನ ನೆಲ ಹೊರಗಿನ ನೀರಿನ ಮಟ್ಟಕ್ಕಿಂತ ಕೆಳಗಿದ್ದರೆ ಕೊಳೆನೀರು ಎತ್ತಲು ಮತ್ತೊಂದು ಡಯಾಫ್ರಾಮ್ ಪಂಪು, ಅದರ ಮುಂದೆ ಕೂದಲು ಹಿಡಿಯುವ ಜಾಲರಿ.

ಟಾಯ್ಲೆಟ್ಟಿಗೆ ರಬ್ಬರ್ ಇಂಪೆಲ್ಲರಿನ (ರೆಕ್ಕೆಯ ಚಕ್ರದ) ಪಂಪು. ನೀರನ್ನು ತಾನೇ ಎಳೆದುಕೊಳ್ಳುತ್ತದೆ, ಆದರೆ ಒಣ ಓಡಿಸಿದರೆ ಸ್ವಲ್ಪ ಹೊತ್ತಿಗೇ ರೆಕ್ಕೆ ಸುಟ್ಟುಹೋಗುತ್ತದೆ. ಮಳೆಗಾಲದಲ್ಲಿ ಅಳಿವೆಯ ನೀರು ಕೆಸರು. ಕಸ ತಡೆಯುವ ಜಾಲರಿ (ಸ್ಟ್ರೇನರ್) ಅದರಿಂದ ಕಟ್ಟಿಕೊಂಡರೂ ಅದೇ ಗತಿ. ಕಮೋಡ್ ನೀರಿನ ಮಟ್ಟಕ್ಕಿಂತ ಕೆಳಗಿದ್ದರೆ ಒಳಬರುವ, ಹೊರಹೋಗುವ ಎರಡೂ ಪೈಪನ್ನು ಮೇಲಕ್ಕೆ ಎತ್ತಿ ಬಾಗಿಸಿ, ಬಾಗಿನ ನೆತ್ತಿಯಲ್ಲಿ ಗಾಳಿ ಎಳೆಯುವ ವಾಲ್ವು ಇಡಿ. ಬೋಟು ವಾಲಿದಾಗಲೂ ಆ ಬಾಗು ನೀರಿನ ಮೇಲಿರಬೇಕು. ಇಲ್ಲವಾದರೆ ಸೈಫನ್ ಆಗಿ, ಅಂದರೆ ಪೈಪಿನಲ್ಲಿ ನೀರು ತಾನೇ ಎಳೆದುಕೊಂಡು, ರಾತ್ರಿಯಿಡೀ ಸಮುದ್ರ ಒಳಗೆ ಬರುತ್ತದೆ.

ಜೂನ್ 1ರಿಂದ ಜುಲೈ 31ರ ಮೀನುಗಾರಿಕೆ ರಜೆಗೆ ಮುಂಚೆ ಪೈಪನ್ನು ಸಿಹಿನೀರಲ್ಲಿ ತೊಳೆಯಿರಿ. ನಿಂತ ಉಪ್ಪುನೀರು ಕೊಳೆತ ಮೊಟ್ಟೆಯಂತೆ ನಾರುತ್ತದೆ. ಇಂಪೆಲ್ಲರ್ ಬಿಚ್ಚಿಡಿ, ಎರಡು ತಿಂಗಳು ಮಡಚಿಕೊಂಡ ರೆಕ್ಕೆ ನೆಟ್ಟಗಾಗದು.

ಪಂಪು ಸೋತಿತೆಂದು ಬಿಸಾಡುವ ಮುಂಚೆ, ಅದು ಓಡುತ್ತಿರುವಾಗಲೇ ಅದರ ತಂತಿಗೆ ವೋಲ್ಟ್ ಮೀಟರ್ ಹಿಡಿಯಿರಿ. 12 ವೋಲ್ಟಿನಲ್ಲಿ 8 ಆಂಪಿಯರ್ ಎಳೆಯುವ ಪಂಪು ಬ್ಯಾಟರಿಯಿಂದ 8 ಮೀಟರ್ ದೂರವಿದ್ದರೆ 2.5 ಚದರ ಮಿಲಿಮೀಟರಿನ ವಯರು ಸುಮಾರು 0.9 ವೋಲ್ಟ್ ನುಂಗುತ್ತದೆ, 6ರದ್ದು 0.4ಕ್ಕೂ ಕಮ್ಮಿ. ವೋಲ್ಟೇಜ್ ಇದಕ್ಕಿಂತ ಜಾಸ್ತಿ ಬಿದ್ದರೆ ಜಾಯಿಂಟಿನ ಟೇಪು ಬಿಚ್ಚಿ ನೋಡಿ, ಒಳಗೆ ತಾಮ್ರ ಹಸಿರುಗಟ್ಟಿರುತ್ತದೆ.