ಪಿಸಿಎಂ ಹುಡುಗ, ಸಿಬಿಝಡ್ ಲೆಕ್ಕ

ನಾನು ಓದುವಾಗ ನಮ್ಮ ಕಾಲೇಜಿನ ಬಿ.ಎಸ್ಸಿ. ವಿದ್ಯಾರ್ಥಿಗಳಲ್ಲಿ ಎರಡು ಪಂಗಡಗಳಿದ್ದವು: ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) ಮತ್ತು ಸಿಬಿಝಡ್ (ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ). ನಮಗೆ ಲೋಲಕ, ಪ್ರಿಸಂ, ಲಾಗರಿದಮ್ ಪುಸ್ತಕ. ಅವರಿಗೆ ಜಿರಳೆ, ಒಣಗಿಸಿದ ಎಲೆ, ಫಾರ್ಮಲಿನ್ ವಾಸನೆ. ಧಾರವಾಡದ ಸಪ್ತಾಪುರದ ಬಾಡಿಗೆ ಕೋಣೆಗಳಲ್ಲಿ ಎರಡೂ ಕಡೆಯವರು ಕೂಡಿಯೇ ಇರುತ್ತಿದ್ದೆವು, ಒಂದೇ ಕಾಗದದಲ್ಲಿ ಗಿರಮಿಟ್ಟು ತಿನ್ನುತ್ತಿದ್ದೆವು. ಆದರೆ ಒಬ್ಬರ ನೋಟ್‌ಬುಕ್ಕನ್ನು ಇನ್ನೊಬ್ಬರು ತೆರೆಯುತ್ತಿರಲಿಲ್ಲ. ಅವರಿಗೆ ಗಣಿತ ಬಾರದು ಎಂದು ನಾವು, ನಮ್ಮ ವಿಷಯದಲ್ಲಿ ಜೀವವೇ ಇಲ್ಲ ಎಂದು ಅವರು. ಈಗ ನನಗೆ ಸಂಬಳ ಬರುವುದು ಬ್ಯಾಕ್ಟೀರಿಯಾಗಳ ಲೆಕ್ಕ ಬರೆಯುವುದಕ್ಕೆ. ಇದಕ್ಕೆ ಕಾರಣ ನಮಗೆ ಸ್ಟ್ಯಾಟಿಸ್ಟಿಕಲ್ ಫಿಸಿಕ್ಸ್, ಅಂದರೆ ಅಸಂಖ್ಯ ಕಣಗಳ ಒಟ್ಟು ವರ್ತನೆಯ ಲೆಕ್ಕ, ಕಲಿಸಿದ ಸರ್. ಅವರ ಹೆಸರು ಬರೆಯುವುದಿಲ್ಲ. ಅಚ್ಚಿನಲ್ಲಿ ತಮ್ಮ ಹೆಸರು ಕಂಡರೆ ಅವರಿಗೆ ಸಿಟ್ಟು ಬರುತ್ತದೆ.

ಪಠ್ಯಕ್ರಮದಲ್ಲಿ ಆ ವಿಷಯಕ್ಕೆ ಸಿಕ್ಕಿದ್ದು ಕೆಲವೇ ವಾರ. ಬೋಲ್ಟ್ಸ್‌ಮನ್ ವಿತರಣೆ, ಬೋಸ್–ಐನ್‌ಸ್ಟೈನ್, ಫರ್ಮಿ–ಡಿರಾಕ್, ಪರೀಕ್ಷೆಗೆ ಎರಡು ಡೆರಿವೇಶನ್. ಸರ್ ಅದನ್ನು ಬೇಗನೆ ಮುಗಿಸಿ, ನಮ್ಮನ್ನು ಕಾಲೇಜಿನ ಗೇಟಿಗೆ ಕಳಿಸಿದರು. ಪ್ರತಿ ನಿಮಿಷಕ್ಕೆ ಎಷ್ಟು ಜನ ಒಳಗೆ ಬರುತ್ತಾರೆ ಎಂದು ಎಣಿಸಬೇಕು, ಅಷ್ಟೇ. ಮಧ್ಯಾಹ್ನ ಒಂದು ಗುಂಪು, ಬೆಳಿಗ್ಗೆ ಒಂದು ಗುಂಪು. ಕಾವಲುಗಾರನಿಗೆ ನಮ್ಮನ್ನು ನೋಡಿ ನಗು.

ಮಧ್ಯಾಹ್ನದ ಲೆಕ್ಕ ಪುಸ್ತಕದಲ್ಲಿ ಹೇಳಿದಂತೆಯೇ ಬಂತು. ಒಬ್ಬರ ಬರುವಿಕೆಗೂ ಇನ್ನೊಬ್ಬರ ಬರುವಿಕೆಗೂ ಸಂಬಂಧ ಇಲ್ಲದಿದ್ದರೆ ಎಣಿಕೆಯ ಏರಿಳಿತ ಸರಾಸರಿಯ ವರ್ಗಮೂಲದಷ್ಟಿರುತ್ತದೆ. ಸರಾಸರಿ 100 ಆದರೆ ಮಾನಕ ವಿಚಲನೆ (ಎಣಿಕೆ ಸರಾಸರಿಯಿಂದ ಆಚೀಚೆ ಸರಿಯುವ ಅಳತೆ) 10. ಸರಾಸರಿ 10,000 ಆದರೆ 100. ಬೆಳಗಿನ ಲೆಕ್ಕ ಈ ನಿಯಮಕ್ಕೆ ಬಗ್ಗಲಿಲ್ಲ. ನಾಲ್ಕಾರು ನಿಮಿಷ ಗೇಟು ಖಾಲಿ, ಆಮೇಲೆ ಒಮ್ಮೆಲೇ ಜಾತ್ರೆ. ಹುಬ್ಬಳ್ಳಿಯ ಬಸ್ಸು ಬಂದಾಗ ಒಂದು ಹಿಂಡು, ಅಳ್ನಾವರ ಕಡೆಯ ಪ್ಯಾಸೆಂಜರ್ ರೈಲು ಬಂದಾಗ ಇನ್ನೊಂದು. ಸರ್ ನಮ್ಮ ಕಾಗದಗಳನ್ನು ನೋಡಿ ಖುಷಿಪಟ್ಟಿದ್ದು ಮಧ್ಯಾಹ್ನದವರನ್ನು ಕಂಡಲ್ಲ, ಬೆಳಗಿನವರನ್ನು ಕಂಡು. "ತಮ್ಮಾ, ಏರಿಳಿತ ವರ್ಗಮೂಲದಷ್ಟೇ ಇದ್ದರೆ ಎಲ್ಲರೂ ತಮ್ಮ ಪಾಡಿಗೆ ತಾವು ಬರುತ್ತಿದ್ದಾರೆ. ಅದಕ್ಕಿಂತ ಹೆಚ್ಚಿದ್ದರೆ ಯಾವುದೋ ಒಂದು ಅವರನ್ನು ಕಟ್ಟಿ ತರುತ್ತಿದೆ. ಗೇಟಿನಲ್ಲಿ ನಿಂತೇ ಬಸ್ಸು ಇದೆ ಎಂದು ಹೇಳಬಹುದು, ಬಸ್ಸನ್ನು ನೋಡಬೇಕಾಗಿಲ್ಲ" ಎಂದರು.

ಮರುದಿನ ಅವರು ಹಲಗೆಯ ಮೇಲೆ ಒಂದು ಸಾಲು ಅಂಕಿ ಬರೆದರು: 1, 0, 3, 0, 0, 5, 0, 5, 0, 6, 107, 0, 0, 0, 1, 0, 0, 64, 0, 35. ನಾವು ಬೆಳಗಿನ ಗೇಟಿನದೇ ಇರಬೇಕು ಎಂದುಕೊಂಡೆವು. ಅದು 1943ರಲ್ಲಿ ಸಾಲ್ವಡಾರ್ ಲೂರಿಯಾ ಮತ್ತು ಮ್ಯಾಕ್ಸ್ ಡೆಲ್‌ಬ್ರುಕ್ ಪ್ರಕಟಿಸಿದ ಲೇಖನದ ಅಂಕಿಸಾಲು. ಲೂರಿಯಾ ವೈದ್ಯಕೀಯ ಓದಿದವರು, ಡೆಲ್‌ಬ್ರುಕ್ ಸೈದ್ಧಾಂತಿಕ ಭೌತಶಾಸ್ತ್ರದಿಂದ ಜೀವಶಾಸ್ತ್ರಕ್ಕೆ ಬಂದವರು.

ಆಗಿದ್ದ ಪ್ರಶ್ನೆ ಇದು. ಬ್ಯಾಕ್ಟೀರಿಯಾಗಳ ಮೇಲೆ ವೈರಸ್ ಸುರಿದರೆ ಬಹುತೇಕ ಎಲ್ಲವೂ ಸಾಯುತ್ತವೆ, ಆದರೆ ಕೆಲವು ಬದುಕಿ ವಸಾಹತು ಕಟ್ಟುತ್ತವೆ. ಆ ನಿರೋಧಕ ಶಕ್ತಿ ವೈರಸ್ ತಗುಲಿದ ಮೇಲೆ ಹುಟ್ಟಿತೇ, ಅಥವಾ ಮೊದಲೇ ಇತ್ತೇ? ಹಲಗೆಯ ಅಂಕಿಗಳು ಇಪ್ಪತ್ತು ಕೊಳವೆಗಳಲ್ಲಿ ಬೇರೆ ಬೇರೆಯಾಗಿ ಬೆಳೆಸಿದ ಬ್ಯಾಕ್ಟೀರಿಯಾಗಳಲ್ಲಿ ಹೀಗೆ ಬದುಕಿದವುಗಳ ವಸಾಹತುಗಳ ಎಣಿಕೆ. ತಗುಲಿದ ಮೇಲೆ ಹುಟ್ಟುವುದಾದರೆ ಪ್ರತಿ ಜೀವಕೋಶಕ್ಕೂ ಬೇರೆ ಬೇರೆಯಾಗಿ ಅಷ್ಟಿಷ್ಟು ಅವಕಾಶ. ಅಂದರೆ ಮಧ್ಯಾಹ್ನದ ಗೇಟು. ಮೊದಲೇ ಎಂದೋ ಆಕಸ್ಮಿಕವಾಗಿ ರೂಪಾಂತರ, ಅಂದರೆ ಜೀನಿನಲ್ಲಿ ಬದಲಾವಣೆ, ಆಗಿದ್ದರೆ ಅದರ ಮಕ್ಕಳು, ಮೊಮ್ಮಕ್ಕಳು ಎಲ್ಲವೂ ನಿರೋಧಕವೇ. ರೂಪಾಂತರ ಬೇಗ ಆದ ಕೊಳವೆಯಲ್ಲಿ ದೊಡ್ಡ ಹಿಂಡು, ಆಗದ ಕೊಳವೆಯಲ್ಲಿ ಸೊನ್ನೆ. ಇಪ್ಪತ್ತು ಕೊಳವೆಗಳ ಸರಾಸರಿ 11.35. ವರ್ಗಮೂಲ ತೆಗೆದರೆ ಸುಮಾರು 3.4. ಎಲ್ಲರೂ ಮಧ್ಯಾಹ್ನದ ಗೇಟಿನಂತೆ ಬಂದಿದ್ದರೆ ಹೆಚ್ಚಿನ ಅಂಕಿಗಳು ಏಳೆಂಟರಿಂದ ಹದಿನೈದರ ಆಸುಪಾಸಿನಲ್ಲಿ ಇರಬೇಕಾಗಿತ್ತು. ಆ ಪಟ್ಟಿಯಲ್ಲಿ ಹನ್ನೊಂದು ಸೊನ್ನೆಗಳಿವೆ, ಒಂದು 107 ಇದೆ. ಜೀನನ್ನು ಯಾರೂ ನೋಡಿರಲಿಲ್ಲ, ಡಿಎನ್‌ಎಯ ರಚನೆ ತಿಳಿಯಲು ಇನ್ನೂ ಹತ್ತು ವರ್ಷ ಇತ್ತು. ಆದರೂ ರೂಪಾಂತರ ವೈರಸ್ಸಿಗಿಂತ ಮೊದಲೇ ಆಗಿತ್ತು ಎಂದು ಈ ಸಾಲು ಹೇಳಿತು. ಇಬ್ಬರಿಗೂ, ಆಲ್ಫ್ರೆಡ್ ಹರ್ಷೆಯವರ ಜೊತೆಗೆ, 1969ರಲ್ಲಿ ನೊಬೆಲ್ ಬಂತು.

ಈ ಉಪಾಯ ಲೂರಿಯಾಗೆ ಹೊಳೆದದ್ದು ಅಮೆರಿಕದ ಬ್ಲೂಮಿಂಗ್ಟನ್ನಿನಲ್ಲಿ, ಸಹೋದ್ಯೋಗಿಯೊಬ್ಬರು ಜೂಜಿನ ಯಂತ್ರಕ್ಕೆ ನಾಣ್ಯ ಹಾಕುವುದನ್ನು ನೋಡುತ್ತಿದ್ದಾಗ. ಹೆಚ್ಚಿನ ಸಲ ಏನೂ ಇಲ್ಲ, ಅಪರೂಪಕ್ಕೊಮ್ಮೆ ರಾಶಿ. ಸರ್ ಇದನ್ನು ಹೇಳುವಾಗ ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ್ದರು, ನಾವು ಜೂಜಿಗೆ ಇಳಿದೇವು ಎಂಬ ಭಯದಿಂದ ಇರಬೇಕು.

ಆ ರಾತ್ರಿ ನನ್ನ ಕೋಣೆಯ ಗೆಳೆಯ, ರಾಣೆಬೆನ್ನೂರಿನ ಸಿಬಿಝಡ್ ಹುಡುಗ, ತನ್ನ ಪುಸ್ತಕ ತೆರೆದು ತೋರಿಸಿದ. ಅಲ್ಲಿ ಈ ಪ್ರಯೋಗಕ್ಕೆ ಒಂದು ಪ್ಯಾರಾ ಇತ್ತು: "ರೂಪಾಂತರಗಳು ಯಾದೃಚ್ಛಿಕ." ಅಂಕಿಗಳು ಇರಲಿಲ್ಲ. ನಮ್ಮ ಪುಸ್ತಕದಲ್ಲಿ ಪ್ರಯೋಗದ ಹೆಸರೇ ಇರಲಿಲ್ಲ. ಅವರಿಗೆ ಉತ್ತರ ಮಾತ್ರ ಸಿಕ್ಕಿತ್ತು, ನಮಗೆ ಲೆಕ್ಕದ ವಿಧಾನ ಮಾತ್ರ. ನಾವಿಬ್ಬರೂ ಸೇರಿ ಮೊದಲ ಬಾರಿಗೆ ಒಂದೇ ಪುಟವನ್ನು ಓದಿದ್ದು ಆಗಲೇ.

ಇಂದು ಜೀವಕೋಶಗಳ ಏರಿಳಿತವನ್ನು ಲೆಕ್ಕಹಾಕುವ ಈ ಕ್ಷೇತ್ರದಲ್ಲಿ ನಡೆಯುತ್ತಿರುವ ಕೆಲಸದ ದೊಡ್ಡ ಪಾಲು ಬೆಳಗಿನ ಗೇಟಿನದೇ. 2002ರಲ್ಲಿ ಮೈಕಲ್ ಎಲೊವಿಟ್ಜ್ ಮತ್ತು ಸಂಗಡಿಗರು ಒಂದೇ ಬ್ಯಾಕ್ಟೀರಿಯಾದೊಳಗೆ ಎರಡು ಬಣ್ಣದ ಪ್ರೋಟೀನುಗಳ ಜೀನುಗಳನ್ನು ಒಂದೇ ಬಗೆಯ ನಿಯಂತ್ರಣದಡಿ ಇಟ್ಟರು. ಎರಡೂ ಸಮನಾಗಿ ತಯಾರಾಗಬೇಕು. ಆಗಲಿಲ್ಲ, ಒಂದು ಕೋಶದಲ್ಲಿ ಒಂದು ಬಣ್ಣ ಮೇಲುಗೈ, ಪಕ್ಕದ ಕೋಶದಲ್ಲಿ ಇನ್ನೊಂದು. ಕೋಶವೊಂದರಲ್ಲಿ ಒಂದು ಜೀನಿನ ಪ್ರತಿಗಳು ಒಂದೆರಡು, ಅದರ ನಕಲಾಗಿ ಹೊರಡುವ ಆರ್‌ಎನ್‌ಎ ಅಣುಗಳು ಬೆರಳೆಣಿಕೆಯಷ್ಟು. ಅಷ್ಟು ಸಣ್ಣ ಸಂಖ್ಯೆಯಲ್ಲಿ ವರ್ಗಮೂಲವೂ ಸರಾಸರಿಯಷ್ಟೇ ದೊಡ್ಡದು. ಮೂರು ವರ್ಷದ ನಂತರ ಇಡೊ ಗೋಲ್ಡಿಂಗ್ ಮತ್ತು ಸಂಗಡಿಗರು ಜೀವಂತ ಬ್ಯಾಕ್ಟೀರಿಯಾದಲ್ಲಿ ಆರ್‌ಎನ್‌ಎ ಅಣುಗಳನ್ನು ಎಣಿಸಿದಾಗ, ಅವು ಒಂದೊಂದಾಗಿ ಬರದೆ ಹಿಂಡುಹಿಂಡಾಗಿ ಬರುವುದು ಕಂಡಿತು. ಜೀನು ಒಮ್ಮೆ ಚುರುಕಾಗಿ ಹಲವು ಪ್ರತಿ ಹೊರಹಾಕಿ, ಮತ್ತೆ ಬಹಳ ಹೊತ್ತು ಸುಮ್ಮನಿರುತ್ತದೆ.

ಇದರಿಂದ ರೋಗಿಗಳಿಗೆ ಏನು ಎಂದು ಕೇಳುವವರಿಗೆ ನಾನು ಹೇಳುವುದು ಹಠಮಾರಿ ಕೋಶಗಳ ಕಥೆ. ಪೆನಿಸಿಲಿನ್ ಹಾಕಿದರೂ ಸಾಯದೆ ಉಳಿಯುವ ಕೆಲವು ಬ್ಯಾಕ್ಟೀರಿಯಾಗಳನ್ನು 1944ರಲ್ಲೇ ಜೋಸೆಫ್ ಬಿಗ್ಗರ್ ಗುರುತಿಸಿದ್ದರು. ಇವು ರೂಪಾಂತರಗಳಲ್ಲ, ಇವುಗಳ ಸಂತತಿಗೆ ಮತ್ತೆ ಔಷಧ ಕೊಟ್ಟರೆ ಹೆಚ್ಚಿನವು ಸಾಯುತ್ತವೆ. 2004ರಲ್ಲಿ ನಥಾಲಿ ಬಲಬಾನ್ ಮತ್ತು ಸಂಗಡಿಗರು ಒಂದೊಂದೇ ಕೋಶವನ್ನು ಸೂಕ್ಷ್ಮದರ್ಶಕದ ಕೆಳಗೆ ಹಿಂಬಾಲಿಸಿ, ಸಾಯದೆ ಉಳಿದವು ಔಷಧ ಬೀಳುವ ಮೊದಲೇ ನಿಧಾನವಾಗಿ ಬೆಳೆಯುತ್ತಿದ್ದವು ಎಂದು ತೋರಿಸಿದರು. ಇನ್ನು 2020ರಲ್ಲಿ ಸಿಡ್ನಿ ಶಾಫರ್, ಅರ್ಜುನ್ ರಾಜ್ ಮತ್ತು ಸಂಗಡಿಗರು ಲೂರಿಯಾ–ಡೆಲ್‌ಬ್ರುಕ್ ವಿಧಾನವನ್ನೇ ಚರ್ಮದ ಕ್ಯಾನ್ಸರ್ ಕೋಶಗಳಿಗೆ ಹಚ್ಚಿದರು. ಒಂದೊಂದು ಕೋಶದಿಂದ ಒಂದೊಂದು ಪುಟ್ಟ ಸಂತಾನ ಬೆಳೆಸಿ, ಎಲ್ಲ ಜೀನುಗಳ ಆರ್‌ಎನ್‌ಎ ಅಳೆದು, ಯಾವ ಜೀನಿನಲ್ಲಿ ಸಂತಾನದಿಂದ ಸಂತಾನಕ್ಕೆ ಏರಿಳಿತ ಅತಿಯಾಗಿದೆ ಎಂದು ನೋಡಿದರು. ಅತಿಯಾಗಿದ್ದರೆ ಆ ಜೀನಿನ ಸ್ಥಿತಿಯನ್ನು ಕೋಶಗಳು ಹಲವು ತಲೆಮಾರು ನೆನಪಿಟ್ಟುಕೊಂಡಿವೆ ಎಂದರ್ಥ. ಔಷಧಕ್ಕೆ ಬಗ್ಗದೆ ಉಳಿಯುವ ಅಪರೂಪದ ಕೋಶಗಳ ಗುರುತುಗಳು ಆ ಪಟ್ಟಿಯಲ್ಲಿ ಸಿಕ್ಕವು. ಹಳೆಯ ಲೆಕ್ಕ ಹೊಸ ಯಂತ್ರಕ್ಕೆ ಹೀಗೆ ಕೂಡಿಬಂದದ್ದನ್ನು ಓದಿದಾಗ ನನಗೆ ಆದ ಸಂತೋಷ ಸಣ್ಣದಲ್ಲ.

ನಮ್ಮ ದೇಶದಲ್ಲೂ ಇಂಥ ಕೆಲಸ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಶ್ರೀರಾಮ್ ರಾಮಸ್ವಾಮಿಯವರು ಕಟ್ಟಿ ಬೆಳೆಸಿದ ಸಿದ್ಧಾಂತ ತಾವೇ ಶಕ್ತಿ ಖರ್ಚುಮಾಡಿ ಚಲಿಸುವ ಕಣಗಳ ಗುಂಪಿಗೆ ಸಂಬಂಧಿಸಿದ್ದು: ಬ್ಯಾಕ್ಟೀರಿಯಾ, ಮೀನಿನ ಹಿಂಡು, ಕೋಶಗಳ ಪದರ. ಇಂಥ ಗುಂಪಿನ ಒಂದು ಭಾಗದಲ್ಲಿ ಎಷ್ಟು ಕಣಗಳಿವೆ ಎಂದು ಎಣಿಸಿದರೆ ಏರಿಳಿತ ವರ್ಗಮೂಲವನ್ನು ಮೀರಬೇಕು ಎಂದು ಆ ಸಿದ್ಧಾಂತ ಹೇಳಿತ್ತು. 2007ರಲ್ಲಿ ವಿಜಯ್ ನಾರಾಯಣ್ ಮತ್ತು ನಾರಾಯಣನ್ ಮೆನನ್ ಅವರೊಂದಿಗೆ ಅವರು ಅದನ್ನು ಪ್ರಯೋಗದಲ್ಲಿ ತೋರಿಸಿದರು. ಬಳಸಿದ್ದು ತಾಮ್ರದ ತಂತಿಯ ಸಣ್ಣ ತುಂಡುಗಳು ಮತ್ತು ಮೇಲೆ ಕೆಳಗೆ ಕಂಪಿಸುವ ಒಂದು ತಟ್ಟೆ. ತಂತಿಗೆ ಜೀವ ಇಲ್ಲ, ಆದರೆ ಲೆಕ್ಕದಲ್ಲಿ ಅದು ಜೀವಿಗಳ ಸಾಲಿನಲ್ಲೇ ನಿಂತಿತು.

ಒಂದು ತಕರಾರೂ ನನ್ನಲ್ಲಿದೆ. ಈಚೆಗೆ ಎಲ್ಲಿ ಏರಿಳಿತ ಕಂಡರೂ ಅದರಿಂದ ಜೀವಿಗೆ ಲಾಭ ಎಂದು ಬರೆಯುವ ಚಾಳಿ ಬೆಳೆದಿದೆ. ಎಷ್ಟೋ ಕಡೆ ಅದು ಸಣ್ಣ ಸಂಖ್ಯೆಗಳ ಅನಿವಾರ್ಯ ಫಲ, ಕೋಶ ಅದನ್ನು ಸಹಿಸಿಕೊಂಡಿದೆ ಅಷ್ಟೇ. ಹಠಮಾರಿ ಕೋಶಗಳ ವಿಷಯದಲ್ಲಿ ಲಾಭದ ವಾದವನ್ನು ಒಪ್ಪುತ್ತೇನೆ. ಉಳಿದದ್ದಕ್ಕೆ ಪುರಾವೆ ಕೇಳುತ್ತೇನೆ. ಸೆಮಿನಾರುಗಳಲ್ಲಿ ಇದರಿಂದ ಕೆಲವರ ಮುನಿಸಿಗೂ ಗುರಿಯಾಗಿದ್ದೇನೆ.

ಸರ್ ನಿವೃತ್ತರಾಗಿ ಧಾರವಾಡದಲ್ಲೇ ಇದ್ದಾರೆ. ಕಳೆದ ಸಲ ಹೋದಾಗ 2020ರ ಆ ಲೇಖನದ ಪ್ರತಿಯನ್ನು ಕೊಟ್ಟೆ. ಅವರು ಚಿತ್ರಗಳನ್ನೆಲ್ಲ ಬಿಟ್ಟು ನೇರವಾಗಿ ಎಣಿಕೆಯ ಭಾಗಕ್ಕೆ ಹೋದರು. ಆಮೇಲೆ ಹುಬ್ಬಳ್ಳಿ–ಧಾರವಾಡದ ನಡುವೆ ಓಡುವ ಚಿಗರಿ ಬಸ್ಸುಗಳ ಮಾತು ಬಂತು. ಹುಬ್ಬಳ್ಳಿಯಿಂದ ಬಸ್ಸು ಈಗ ಬೇಗ ಬೇಗ ಬರುತ್ತದೆ, ಹಾಗಾದರೆ ಬೆಳಗಿನ ಹಿಂಡು ಸಣ್ಣದಾಗಿ ಏರಿಳಿತ ವರ್ಗಮೂಲದ ಹತ್ತಿರಕ್ಕೆ ಬಂದಿರಬೇಕು ಎಂಬುದು ಅವರ ಊಹೆ. ಮಕ್ಕಳು ಈಗ ಬೈಕಿನಲ್ಲಿ ಗೆಳೆಯರ ಗುಂಪು ಕಟ್ಟಿಕೊಂಡೇ ಬರುತ್ತಾರೆ, ಹಾಗಾಗಿ ಏನೂ ಬದಲಾಗಿರುವುದಿಲ್ಲ ಎಂಬುದು ನನ್ನ ವಾದ. ಚಹಾ ತಣ್ಣಗಾಗುವ ತನಕ ಜಗಳವಾಡಿದೆವು. ಈಗಿನ ವಿದ್ಯಾರ್ಥಿಗಳು ಯಾರಾದರೂ ಒಂದು ವಾರ ಗೇಟಿನಲ್ಲಿ ನಿಂತು ನಿಮಿಷ ನಿಮಿಷದ ಎಣಿಕೆ ಬರೆದು ಸಂಪಾದಕರ ಕೈಗೆ ಕೊಟ್ಟರೆ ನನಗೆ ತಲುಪುತ್ತದೆ. ಸರಾಸರಿ ಮಾತ್ರ ಕಳಿಸಬೇಡಿ, ಇಡೀ ಪಟ್ಟಿ ಬೇಕು.