ಡ್ರೈಯರ್‌ನ ವಯಸ್ಸು ಕೇಳಿದ ಹುಡುಗ

"ಎಷ್ಟು ವರ್ಷ ಆಯ್ತು ಇದಕ್ಕೆ?" ನಮ್ಮ ಮನೆಯ ಬಟ್ಟೆ ಒಣಗಿಸುವ ಡ್ರೈಯರ್ ರಿಪೇರಿಗೆ ಬಂದ ಹುಡುಗ ಮೊದಲು ಕೇಳಿದ್ದೇ ಇದು. ಹದಿನಾಲ್ಕು ಅಂದೆ. "ಹಾಗಾದ್ರೆ ಹೊಸದು ತಗೊಳ್ಳಿ" ಅಂದ. ಹಿಂದಿನ ತಗಡು ಬಿಚ್ಚಲಿಲ್ಲ. ಬ್ಯಾಗಿನಲ್ಲಿದ್ದ ಮೀಟರ್ ಹೊರಗೆ ತೆಗೆಯಲಿಲ್ಲ. ಬಂದದ್ದಕ್ಕೆ ಶುಲ್ಕ ಇಸಿದುಕೊಂಡು ಹೊರಟ. ಈ ವಾರ ಪೂರ್ತಿ ಆ ಪ್ರಶ್ನೆ ನನ್ನ ತಲೆಯಿಂದ ಹೋಗಿಲ್ಲ.

ಅಮೆರಿಕದ ಮಿಶಿಗನ್ ಚಳಿಯಲ್ಲಿ ಹೊರಗೆ ಬಟ್ಟೆ ಹಾಕಿದರೆ ಹಪ್ಪಳದ ಹಾಗೆ ಸೆಟೆಯುತ್ತದೆ. ಡ್ರೈಯರ್ ತಿರುಗುತ್ತಿತ್ತು, ಒಳಗಿನ ದೀಪ ಉರಿಯುತ್ತಿತ್ತು, ಬಿಸಿ ಮಾತ್ರ ಇಲ್ಲ. ಊರಿಂದ ಬಂದಿರುವ ಅಮ್ಮ, ಮನೆ ಬೆಚ್ಚಗಿಡುವ ಬಿಸಿಗಾಳಿ ಬರುವ ಕಡೆಯೆಲ್ಲ ಕುರ್ಚಿ ಇಟ್ಟು ಬಟ್ಟೆ ಹರವಿದರು. ತೀರ್ಥಹಳ್ಳಿ ಕಡೆಯವರಿಗೆ ಇದೇನು ಹೊಸದಲ್ಲ. ಮಳೆಗಾಲದಲ್ಲಿ ಬಚ್ಚಲೊಲೆಯ ಮೇಲೆ ಕಟ್ಟಿದ ಬಿದಿರಿನ ಗಳುವಿನಲ್ಲಿ ಒಣಗಿದ ಲಂಗ ಹಾಕಿಕೊಂಡು, ಹೊಗೆ ವಾಸನೆಯ ಜೊತೆಗೇ ಸ್ಕೂಲಿಗೆ ಹೋದವಳು ನಾನು.

ಪಕ್ಕದ ಮನೆಯ ಅಜ್ಜ ಕಾರು ಫ್ಯಾಕ್ಟರಿಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದವರು. ಮಾತು ಕಮ್ಮಿ. ಅವರ ಮೇಲೆ ನನಗೆ ತುಂಬಾ ಗೌರವ. ಅವರು ವಯಸ್ಸು ಕೇಳಲೇ ಇಲ್ಲ. "ಡ್ರಮ್ ತಿರುಗುತ್ತಾ?" ಅಂತ ಕೇಳಿ, ಹೂಂ ಅಂದಿದ್ದೇ ತಡ, ನೇರ ಬ್ರೇಕರ್ ಪೆಟ್ಟಿಗೆಯ ಹತ್ತಿರ ಹೋದರು. ಇಲ್ಲಿ ಎಲೆಕ್ಟ್ರಿಕ್ ಡ್ರೈಯರ್‌ಗೆ 240 ವೋಲ್ಟ್ ಬೇಕು. 120 ವೋಲ್ಟಿನ ಎರಡು ಲೈವ್ ತಂತಿ ಬರುತ್ತವೆ. ಮೋಟಾರಿಗೆ ಒಂದು ಸಾಕು, ಹೀಟರ್‌ಗೆ ಎರಡೂ ಬೇಕು. ಹಾಗಾಗಿ 30 ಆಂಪ್‌ನ ಜೋಡಿ ಬ್ರೇಕರ್‌ನಲ್ಲಿ ಮೋಟಾರಿಗೆ ಹೋಗದ ಕಡೆ ಕೈಕೊಟ್ಟರೆ ಡ್ರಮ್ ತಿರುಗುತ್ತಲೇ ಇರುತ್ತದೆ, ಬಿಸಿ ಬರುವುದಿಲ್ಲ. ನಮ್ಮದರಲ್ಲಿ ಬ್ರೇಕರ್ ಸರಿಯಿತ್ತು.

ಪ್ಲಗ್ ಕಿತ್ತು ಹಿಂದಿನ ತಗಡು ಬಿಚ್ಚಿದೆವು. ಹೀಟರ್ ಸುರುಳಿಯ ವೈರ್ ಕಳಚಿ ಎರಡು ತುದಿಗೂ ಮೀಟರಿನ ಕಡ್ಡಿ ಇಟ್ಟರೆ ಹತ್ತು ಓಮ್ ಹತ್ತಿರ ತೋರಿಸಿತು. ಅಂದರೆ ಸುರುಳಿ ಚೆನ್ನಾಗೇ ಇದೆ. ಆಮೇಲೆ ಹೀಟರ್ ಡಬ್ಬಿಯ ಮೈಗೆ ಸ್ಕ್ರೂ ಹಾಕಿ ಕೂರಿಸಿದ ಥರ್ಮಲ್ ಕಟಾಫ್. ಒಳಗೆ ಕಡಿದಿರದಿದ್ದರೆ ಮೀಟರ್ ಕುಂಯ್ ಅನ್ನಬೇಕು, ಅನ್ನಲಿಲ್ಲ. ಸಿಕ್ಕಿತು! ಡಬ್ಬಿ ವಿಪರೀತ ಕಾದರೆ ಈ ಸಣ್ಣ ಭಾಗ ಒಳಗೇ ಕಡಿದುಹೋಗಿ ಹೀಟರ್‌ಗೆ ಕರೆಂಟ್ ನಿಲ್ಲಿಸುತ್ತದೆ. ಒಮ್ಮೆ ಕಡಿದರೆ ಮುಗಿಯಿತು, ಬದಲಾಯಿಸಲೇಬೇಕು. ಪಕ್ಕದಲ್ಲಿರುವ, ಬಿಸಿ ಮಿತಿ ಮೀರದಂತೆ ನೋಡಿಕೊಳ್ಳುವ ಥರ್ಮೋಸ್ಟಾಟ್ ಜೊತೆ ಸೇರಿಸಿ ಒಂದೇ ಪ್ಯಾಕೆಟ್ಟಿನಲ್ಲಿ ಸಿಗುತ್ತದೆ. ಹೊಸ ಡ್ರೈಯರ್‌ನ ಬೆಲೆಯ ಮುಂದೆ ಅದು ಲೆಕ್ಕಕ್ಕೇ ಇಲ್ಲ.

ಆರ್ಡರ್ ಮಾಡೋಣ ಅಂತ ಫೋನ್ ತೆಗೆದೆ. ಅಜ್ಜ ಕೈ ಅಡ್ಡ ಹಿಡಿದರು. "ಇದು ಯಾಕೆ ಹೋಯ್ತು ಅಂತ ಮೊದ್ಲು ನೋಡ್ಬೇಕಲ್ಲ?"

ಡ್ರೈಯರ್‌ನ ಗಾಳಿ ಹೊರಹಾಕಲು ಗೋಡೆಗೆ ಹೋಗುವ ನಾಲ್ಕು ಇಂಚಿನ ಕೊಳವೆ ಕಳಚಿದರು. ಬಟ್ಟೆಯಿಂದ ಉದುರುವ ಹಿಂಜು ಹಿಡಿಯಲು ಡ್ರೈಯರ್‌ನಲ್ಲಿರುವ ಜಾಲರಿಯನ್ನು ನಾವು ಪ್ರತಿ ಸಲ ತೆಗೆದು ಚೊಕ್ಕ ಮಾಡುತ್ತೇವೆ. ಆದರೂ ಜಾಲರಿ ದಾಟಿ ಹೋದ ನೂಲಿನ ಹಿಂಜು ಕೊಳವೆಯ ತುಂಬ ಮೆತ್ತಿಕೊಂಡಿತ್ತು. ಬೂದು ಬಣ್ಣದ ನಡುವೆ ಒಂದು ಕೆಂಪು ಪದರ. ಮಗಳ ಹೊಸ ಕಂಬಳಿಯದ್ದು! ಹೊರಗೋಡೆಯ ಮುಚ್ಚಳದ ಹತ್ತಿರ ಅದೇ ಹಿಂಜು ಒದ್ದೆಯಾಗಿ ಗಟ್ಟಿ ಕಟ್ಟಿತ್ತು. ಬಿಸಿಗಾಳಿ ಹೊರಗೆ ಹೋಗಲು ದಾರಿಯೇ ಇಲ್ಲದಿದ್ದರೆ ಡಬ್ಬಿ ಕಾಯದೆ ಇನ್ನೇನಾಗುತ್ತದೆ?

ಆ ಹುಡುಗನ ಮಾತು ಕೇಳಿದ್ದರೆ ಹೊಸ ಡ್ರೈಯರನ್ನೂ ಇದೇ ಕೊಳವೆಗೆ ಸಿಕ್ಕಿಸುತ್ತಿದ್ದೆವು. ಇದನ್ನು ನೆನೆದರೆ ಈಗಲೂ ಸಿಟ್ಟು ಬರುತ್ತದೆ. ಅಮೆರಿಕದ ಅಗ್ನಿಶಾಮಕ ಇಲಾಖೆಯ 2008ರಿಂದ 2010ರವರೆಗಿನ ಲೆಕ್ಕದ ಪ್ರಕಾರ, ಮನೆಗಳಲ್ಲಿ ವರ್ಷಕ್ಕೆ ಸುಮಾರು 2,900 ಸಲ ಡ್ರೈಯರ್‌ನಿಂದ ಬೆಂಕಿ ಬಿದ್ದಿದೆ. ಅದರ ಮೊದಲ ಕಾರಣ ಚೊಕ್ಕ ಮಾಡದಿರುವುದು. ನಮ್ಮ ಬಟ್ಟೆಯ ಕೋಣೆಗೆ ಅಂಟಿಕೊಂಡೇ ಮಕ್ಕಳ ಕೋಣೆ ಇದೆ.

ಅಮ್ಮ ಬಾಗಿಲಲ್ಲಿ ನಿಂತು ಎಲ್ಲ ನೋಡುತ್ತಿದ್ದರು. "ನನ್ನನ್ನೂ ಹೀಗೇ ಕೇಳಿದ್ರಲ್ಲ" ಅಂದರು.

ಹೌದು. ಹೋದ ವರ್ಷ ಊರಲ್ಲಿ ಸುಸ್ತು, ಕಾಲು ಜೋಮು ಅಂತ ಹೋದಾಗ ಡಾಕ್ಟರ್ ಕೇಳಿದ್ದು ಅದನ್ನೇ: "ವಯಸ್ಸೆಷ್ಟು?" ಎಪ್ಪತ್ತೊಂದು ಅಂದದ್ದೇ, "ಈ ವಯಸ್ಸಿಗೆ ಇದೆಲ್ಲ ಇದ್ದದ್ದೇ ಬಿಡಿ" ಅಂತ ಟಾನಿಕ್ ಬರೆದುಕೊಟ್ಟರು. ಅಮ್ಮನೂ ನಂಬಿದರು. ತುಳಸಿ ಕಟ್ಟೆಯವರೆಗೆ ಹೋಗಿ ಬಂದರೂ ಕೂತುಬಿಡುತ್ತಿದ್ದರು. ಬೇರೆ ಡಾಕ್ಟರ್ ರಕ್ತ ಪರೀಕ್ಷೆ ಮಾಡಿಸಿದಾಗ ವಿಟಮಿನ್ ಬಿ12 ತೀರಾ ಕಮ್ಮಿ ಇತ್ತು. ಇಂಜೆಕ್ಷನ್ ಶುರುವಾದ ಮೇಲೆ ಸುಧಾರಿಸಿದರು. ಈಗ ನೋಡಿ, ಹಿಮದಲ್ಲಿ ಮೊಮ್ಮಕ್ಕಳ ಹಿಂದೆ ಓಡಾಡುತ್ತಾರೆ. ಸಂಖ್ಯೆಯೊಂದು ಕಿವಿಗೆ ಬಿದ್ದ ಕೂಡಲೇ ನೋಡುವುದನ್ನೇ ನಿಲ್ಲಿಸಿಬಿಡುತ್ತಾರಲ್ಲ, ಅದು ನನಗೆ ಸಹಿಸಲಾಗುವುದಿಲ್ಲ. ಪರೀಕ್ಷೆ ಮಾಡಿ, ಆಮೇಲೆ ವಯಸ್ಸೇ ಕಾರಣ ಅನ್ನಲಿ, ಒಪ್ಪುತ್ತೇನೆ.

ಆ ಕಂಪನಿಗೆ ಪತ್ರ ಬರೆದಿದ್ದೇನೆ. ದುಡ್ಡು ವಾಪಸ್ ಕೇಳಿಲ್ಲ. ಹುಡುಗನನ್ನು ಬೈಯಿರಿ ಅಂತಲೂ ಬರೆದಿಲ್ಲ. ಅವನಿಗೆ ಹಾಗೆ ಹೇಳಿಕೊಟ್ಟಿದ್ದಾರೋ ಏನೋ. ಮೀಟರ್ ಹಚ್ಚದೆ, ಕೊಳವೆ ನೋಡದೆ ಯಾರಿಗೂ ಹೊಸದು ತಗೊಳ್ಳಿ ಅನ್ನಬೇಡಿ ಅಂತ ಅಷ್ಟೇ ಬರೆದೆ.

ಟ್ರಾಯ್ ಊರಿನಲ್ಲಿರುವ ಗೆಳತಿಗೆ ಇದನ್ನೆಲ್ಲ ಹೇಳುವಾಗ, ತನ್ನ ಮನೆಯಲ್ಲಿ ಟವೆಲ್ ಒಣಗಲು ಎರಡೆರಡು ಸಲ ಹಾಕಬೇಕು ಅಂದಳು. ಕೊಳವೆ ಕಟ್ಟಿಕೊಳ್ಳುತ್ತಿರುವ ಲಕ್ಷಣವೇ ಅದು. ಶನಿವಾರ ಉದ್ದನೆ ಬ್ರಷ್ ಹಿಡಿದುಕೊಂಡು ಅವಳ ಮನೆಗೆ ಹೊರಟಿದ್ದೇವೆ. ಅವಳ ಡ್ರೈಯರ್‌ಗೆ ಇನ್ನೂ ಎರಡೇ ವರ್ಷ.