ಒಳಗಿನ ಪ್ಯಾಡ್ ಸವೆದಿತ್ತು, ಹೊರಗಿನದು ಸವೆದಿರಲಿಲ್ಲ

ಕೋಲಾರದಿಂದ ಚೆನ್ನೈ ಕಡೆಗೆ ಸರಕು ಸಾಗಿಸುವ ನಮ್ಮ ಟ್ರೇಲರ್ ಲಾರಿ ಪಲಮನೇರು ದಾಟಿ ಮೊಗಿಲಿ ಘಾಟ್ ಇಳಿಯುವಾಗ, ಬ್ರೇಕ್ ಒತ್ತಿದೊಡನೆ ಸ್ಟೇರಿಂಗ್ ಬಲಕ್ಕೆ ಎಳೆಯುತ್ತದೆ, ಇಳಿಜಾರು ಮುಗಿದ ಮೇಲೆ ಮುಂದಿನ ಎಡಗಾಲಿಯಿಂದ ಸುಟ್ಟ ವಾಸನೆ ಬರುತ್ತದೆ ಎಂದು ಚಾಲಕರು ದೂರಿದ್ದರು. ಡಿಸ್ಕನ್ನು ಒತ್ತಿ ಹಿಡಿಯುವ ಬ್ರೇಕ್ ಪ್ಯಾಡ್ ಸವೆದು ಮುಗಿದಿರಬೇಕೆಂದು ಭಾವಿಸಿ ಹೊಸ ಜೋಡಿ ತರಿಸಿಕೊಂಡೇ ಗ್ಯಾರೇಜಿಗೆ ಹೋದೆವು.

ನಮ್ಮ ಭಾಗದ ಮೇಸ್ತ್ರಿಗಳಿಗೆ ಡ್ರಮ್ ಬ್ರೇಕ್ ಕರತಲಾಮಲಕ. ಲೈನರ್ ಬದಲಿಸುವುದು, ಬ್ರೇಕಿನ ಸಡಿಲ ಸರಿಪಡಿಸುವ ಸ್ಲ್ಯಾಕ್ ಅಡ್ಜಸ್ಟರ್ ಬಿಗಿ ಮಾಡುವುದು ಹೆದ್ದಾರಿಯ ಬದಿಯಲ್ಲಿಯೂ ನಡೆಯುವ ಕೆಲಸ. ನಮ್ಮ ಲಾರಿಯಲ್ಲಿರುವ, ಗಾಳಿಯಿಂದ ನಡೆಯುವ ಡಿಸ್ಕ್ ಬ್ರೇಕಿನ ಬಗೆ ಬೇರೆ. ಗಾಳಿ ತುಂಬುವ ಚೇಂಬರಿನ ದಂಡವು, ಡಿಸ್ಕನ್ನು ಎರಡೂ ಬದಿಯಿಂದ ಅಪ್ಪಿಕೊಂಡಿರುವ ಕ್ಯಾಲಿಪರ್ ಒಳಗಿನ ಲಿವರನ್ನು ತಳ್ಳಿದಾಗ ಒಳಬದಿಯ ಪ್ಯಾಡ್ ಮೊದಲು ಡಿಸ್ಕಿಗೆ ಒತ್ತುತ್ತದೆ. ಅದರ ಪ್ರತಿಬಲದಿಂದ ಇಡೀ ಕ್ಯಾಲಿಪರ್ ತನ್ನ ಗೈಡ್ ಪಿನ್‌ಗಳ ಮೇಲೆ ಒಳಕ್ಕೆ ಜಾರಿ ಹೊರಬದಿಯ ಪ್ಯಾಡನ್ನು ಎಳೆದು ತರುತ್ತದೆ. ಎರಡೂ ಪ್ಯಾಡ್‌ಗಳು ಹೆಚ್ಚುಕಡಿಮೆ ಸಮನಾಗಿ ಸವೆಯಬೇಕಾದರೆ ಆ ಪಿನ್‌ಗಳು ಸಲೀಸಾಗಿ ಜಾರಲೇಬೇಕು.

ಪಾರ್ಕಿಂಗ್ ಬ್ರೇಕ್ ಹಾಕಿ, ಹಿಂದಿನ ಗಾಲಿಗಳಿಗೆ ಮರದ ತುಂಡು ಕೊಟ್ಟು, ಆಕ್ಸಲ್ ಅಡಿಗೆ ಸ್ಟ್ಯಾಂಡ್ ಇಟ್ಟು ಎಡಗಾಲಿ ಬಿಚ್ಚಿದಾಗ ಕಂಡದ್ದೇ ಬೇರೆ. ಒಳಗಿನ ಪ್ಯಾಡ್ ಹಿಂಬದಿಯ ಲೋಹದ ತಟ್ಟೆಗೆ ಹತ್ತಿರವಾಗಿತ್ತು, ಹೊರಗಿನದರಲ್ಲಿ ಅರ್ಧಕ್ಕಿಂತ ಹೆಚ್ಚು ವಸ್ತು ಉಳಿದಿತ್ತು. ಮೇಸ್ತ್ರಿ ಪ್ಯಾಡ್ ತೆಗೆದ ಮೇಲೆ ಕ್ಯಾಲಿಪರನ್ನು ಎರಡೂ ಕೈಗಳಿಂದ ಹಿಡಿದು ಎಳೆದರು, ಅದು ಕದಲಲಿಲ್ಲ. "ಪ್ಯಾಡ್ ಈಗಲೇ ಹಾಕ್ಬೋದು ಅಣ್ಣ, ಆದ್ರೆ ಹೊಸದೂ ಹಿಂಗೇ ತಿನ್ಕೊಳ್ತದೆ," ಎಂದರು. ಪಿನ್ ಮೇಲಿನ ರಬ್ಬರ್ ಬೂಟ್ ಹರಿದು ನೀರು, ದೂಳು ಒಳಸೇರಿ, ಗ್ರೀಸ್ ಒಣಗಿ ತುಕ್ಕು ಹಿಡಿದಿತ್ತು. ಬೆಲೆಬಾಳುವ ಪ್ಯಾಡನ್ನು ಕೆಡಿಸಿದ್ದು ಅಂಗೈಯಗಲವೂ ಇಲ್ಲದ ಆ ರಬ್ಬರ್ ತುಂಡು.

ಕ್ಯಾಲಿಪರ್ ಇಳಿಸಿ ಪಿನ್, ಬುಶ್, ಬೂಟ್ ಎಲ್ಲವನ್ನೂ ಹೊಸದಾಗಿ ಹಾಕಿಸಿದೆವು. ಕಿಟ್ ಜೊತೆ ಬರುವ ಗ್ರೀಸನ್ನೇ ಬಳಸಬೇಕೆಂದು ಮೇಸ್ತ್ರಿ ಹಟ ಹಿಡಿದರು. ಗ್ಯಾರೇಜಿನ ಡಬ್ಬಿಯ ಗ್ರೀಸ್ ಬ್ರೇಕಿನ ಬಿಸಿಗೆ ಕರಗಿ ಹರಿಯುತ್ತದೆ, ರಬ್ಬರನ್ನೂ ಹಾಳುಮಾಡುತ್ತದೆ ಎಂಬುದು ಅವರ ಮಾತು, ಅದು ನಿಜವೂ ಹೌದು.

ಡಿಸ್ಕಿನ ಸರದಿ ಆಮೇಲೆ ಬಂತು. ನಮ್ಮ ಲಾರಿಯ ಡಿಸ್ಕ್ ಹೊಸದಾಗಿರುವಾಗ 45 ಮಿ.ಮೀ. ದಪ್ಪವಿರುತ್ತದೆ, 37ಕ್ಕೆ ಇಳಿದರೆ ತೆಗೆಯಲೇಬೇಕು. ಎಡಗಡೆಯದು ದಪ್ಪದಲ್ಲಿ ಇನ್ನೂ ಮಿತಿಯೊಳಗಿದ್ದರೂ ಅತಿಯಾದ ಬಿಸಿಯಿಂದ ಬಿದ್ದ ಬಿರುಕೊಂದು ಅಂಚಿನವರೆಗೆ ಸಾಗಿತ್ತು. ಮೇಲ್ಮೈಯಲ್ಲಿ ಜೇಡರಬಲೆಯಂತೆ ಹರಡುವ ಸಣ್ಣ ಗೀರುಗಳನ್ನು ಸಹಿಸಿಕೊಳ್ಳಬಹುದು. ಅಂಚು ಮುಟ್ಟಿದ ಬಿರುಕಿಗೆ ರಿಯಾಯಿತಿಯಿಲ್ಲ. "ಬಲಗಡೇದು ಚೆನ್ನಾಗೇ ಐತಲ್ಲಪ್ಪ, ಅದನ್ಯಾಕೆ ಎಸೀಬೇಕು?" ಎಂದು ಚಿಕ್ಕಪ್ಪ ಕೇಳಿದರು. ಲಾರಿಯ ಖರ್ಚಿನಲ್ಲಿ ಅರ್ಧ ಅವರದು, ಕೇಳುವುದು ನ್ಯಾಯವೇ. ಆದರೆ ಸ್ಟೇರಿಂಗ್ ಇರುವ ಆಕ್ಸಲ್‌ನಲ್ಲಿ ಒಂದು ಕಡೆ ಹೊಸ ಡಿಸ್ಕ್, ಇನ್ನೊಂದು ಕಡೆ ಸವೆದದ್ದು ಇದ್ದರೆ ಎರಡೂ ಒಂದೇ ಬಗೆಯಲ್ಲಿ ಬಿಸಿಯಾಗುವುದಿಲ್ಲ, ಒಂದೇ ಬಲದಿಂದ ಹಿಡಿಯುವ ಭರವಸೆಯೂ ಇಲ್ಲ. ಬಲಕ್ಕೆ ಎಳೆಯುವ ದೂರಿನಿಂದಲೇ ಶುರುವಾದ ಕೆಲಸವನ್ನು ಎಡಕ್ಕೆ ಎಳೆಯುವಂತೆ ಮಾಡಿ ಮುಗಿಸಲು ನನಗೆ ಮನಸ್ಸಿರಲಿಲ್ಲ. ಎರಡನ್ನೂ ಬದಲಿಸಿದೆವು.

ನಮ್ಮ ಲಾರಿಯಲ್ಲಿ ಡಿಸ್ಕ್ ಕಳಚಲು ಗಾಲಿ ಕೂರುವ ನಡುಭಾಗವಾದ ಹಬ್ ಇಳಿಸಬೇಕು. ಹೆಚ್ಚು ಹೊತ್ತು ಹಿಡಿದದ್ದು ಇದೇ. ಹಬ್ ಮುಖದ ತುಕ್ಕನ್ನು ತಂತಿ ಬ್ರಶ್ಶಿನಿಂದ ಉಜ್ಜಿ ತೆಗೆದರು, ಏಕೆಂದರೆ ನಡುವೆ ಚೂರು ತುಕ್ಕು ಉಳಿದರೂ ಡಿಸ್ಕ್ ಓರೆಯಾಗಿ ತಿರುಗಿ ಬ್ರೇಕ್ ನಡುಗುತ್ತದೆ. ಹೊಸ ಡಿಸ್ಕಿನ ಮೇಲಿನ ಎಣ್ಣೆಯನ್ನು ಒರೆಸಿ, ಜೋಡಿಸಿ, ಓರೆ ಅಳೆಯುವ ಡಯಲ್ ಗೇಜ್ ಇಟ್ಟು ತಿರುಗಿಸಿ ನೋಡಿದಾಗ ಮುಳ್ಳು ಹೆಚ್ಚು ಅಲುಗಲಿಲ್ಲ.

ಹೊಸ ಪ್ಯಾಡ್‌ಗೆ ಜಾಗ ಮಾಡಲು ಪ್ಯಾಡ್ ಮತ್ತು ಡಿಸ್ಕ್ ನಡುವಿನ ಅಂತರ ಸರಿಹೊಂದಿಸುವ ಕ್ಯಾಲಿಪರಿನ ಅಡ್ಜಸ್ಟರನ್ನು ಹಿಂದಕ್ಕೆ ತಿರುಗಿಸಬೇಕು. ಇಲ್ಲಿ ಗಾಳಿ ಗನ್ ಬಳಸಕೂಡದು. ಅಡ್ಜಸ್ಟರ್ ಮೇಲಿರುವ ಸಣ್ಣ ಅಡಾಪ್ಟರ್ ಅತಿಬಲಕ್ಕೆ ತಾನು ಮುರಿದು ಒಳಗಿನ ಯಂತ್ರವನ್ನು ಉಳಿಸುವಂತೆ ರೂಪಿಸಿದ್ದು. ಹಿಂದಿನ ಆಕ್ಸಲ್ ಆಗಿದ್ದರೆ ಮೊದಲು ಪಾರ್ಕಿಂಗ್ ಬ್ರೇಕ್ ಬಿಡಬೇಕಿತ್ತು; ಮುಂದಿನ ಆಕ್ಸಲ್‌ನಲ್ಲಿ ಆ ತೊಡಕಿರಲಿಲ್ಲ. ಪ್ಯಾಡ್ ಕೂರಿಸಿ, ಸ್ಪ್ರಿಂಗ್, ಪಟ್ಟಿ, ಪಿನ್ ಹಾಕಿ, ಹಲವು ಸಲ ಪೆಡಲ್ ಒತ್ತಿಸಿದ ಬಳಿಕ ಹಬ್ ಕೈಯಲ್ಲೇ ತಿರುಗಿತು.

ಗಾಲಿಯ ನಟ್‌ಗಳನ್ನು ಟಾರ್ಕ್ ರೆಂಚಿನಲ್ಲಿ ಬಿಗಿಸಿ, ಮೊದಲ ಓಟಗಳಲ್ಲಿ ದೀರ್ಘವಾಗಿ ಬ್ರೇಕ್ ಒತ್ತದೆ ಎಂಜಿನ್ ಬ್ರೇಕ್ ನೆಚ್ಚಿಕೊಳ್ಳಲು ಚಾಲಕರಿಗೆ ಹೇಳಿದೆವು. ಹೊರೆ ಹೇರುವ ಮುನ್ನ ಲಾರಿಯನ್ನು ಖಾಲಿಯಾಗಿ ಮುಳಬಾಗಿಲಿನ ಆಚೆಯವರೆಗೆ ಓಡಿಸಿ ತಂದ ಮೇಲೆ ನಟ್‌ಗಳನ್ನು ಮತ್ತೆ ಬಿಗಿಸಿ ನೋಡಿದರೆ, ಎಡಗಾಲಿಯ ಎರಡು ನಟ್‌ಗಳು ಇನ್ನಷ್ಟು ತಿರುಗಿದವು. ಸ್ಟೇರಿಂಗ್ ಈಗ ಯಾವ ಕಡೆಗೂ ಎಳೆಯುವುದಿಲ್ಲವೆಂದು ಚಾಲಕರು ಹೇಳಿದರು. ಮರುದಿನ ಬೆಳಿಗ್ಗೆ ಹೊರೆ ಹೇರಿದೆವು.